ಬಸ್ ಮುಷ್ಕರದ ದಿನ ಸೈಕಲ್ಲಿನಲ್ಲಿ ಕೆಲಸಕ್ಕೆ: ಬೆಂಗಳೂರಿಗರಿಗೆ ಯಾವ ಆಯ್ಕೆ ಹೊಂದುತ್ತದೆ?

ಬೆಂಗಳೂರು ಇತ್ತೀಚಿನ ವರ್ಷಗಳಲ್ಲಿ ಕಂಡ ಮೂರು ಸಾರಿಗೆ ಮುಷ್ಕರಗಳಲ್ಲಿ ಒಂದು ಇನ್ನೊಂದರಂತೆ ಇರಲಿಲ್ಲ. 2020ರ ಡಿಸೆಂಬರ್ 11ರಂದು, ತಮ್ಮನ್ನು ಸರ್ಕಾರಿ ನೌಕರರೆಂದು ಪರಿಗಣಿಸಬೇಕೆಂದು ಒತ್ತಾಯಿಸಿ ಸಾರಿಗೆ ನೌಕರರು ದಿಢೀರನೆ ಕೆಲಸ ನಿಲ್ಲಿಸಿದಾಗ, ಬಹಳ ಜನರಿಗೆ ವಿಷಯ ತಿಳಿದದ್ದು ನಿಲ್ದಾಣಕ್ಕೆ ಬಂದು ನಿಂತ ಮೇಲೆಯೇ. ಆ ಮುಷ್ಕರ ನಾಲ್ಕು ದಿನ ನಡೆಯಿತು. ಆರನೇ ವೇತನ ಆಯೋಗದ ಶ್ರೇಣಿಗಾಗಿ 2021ರ ಏಪ್ರಿಲ್ 7ರಿಂದ ನಡೆದ ಮುಷ್ಕರದ ಸುದ್ದಿ ಮೊದಲೇ ಇತ್ತು, ಆದರೆ ಅದು ಎರಡು ವಾರ ಎಳೆಯಿತು. ವೇತನ ಪರಿಷ್ಕರಣೆ ಮತ್ತು 38 ತಿಂಗಳ ಹಿಂಬಾಕಿಗಾಗಿ 2025ರ ಆಗಸ್ಟ್ 5ರಂದು ಆರಂಭವಾದ ಅನಿರ್ದಿಷ್ಟಾವಧಿ ಮುಷ್ಕರವು ಹೈಕೋರ್ಟಿನ ಮಧ್ಯಪ್ರವೇಶದಿಂದ ಅದೇ ದಿನ ನಿಂತಿತು.

ಈ ಮೂರನ್ನೂ ಇಲ್ಲಿ ನೆನಪಿಸಿದ್ದಕ್ಕೆ ಕಾರಣವಿದೆ. ಸೈಕಲ್ ಆಯ್ಕೆಯ ಬಗ್ಗೆ ಸಿಗುವ ಸಲಹೆಗಳೆಲ್ಲ ಸಾಮಾನ್ಯವಾಗಿ ಯಾವ ಸೈಕಲ್ ಉತ್ತಮ ಎಂಬ ಪ್ರಶ್ನೆಯಿಂದ ಹೊರಡುತ್ತವೆ. ಮುಷ್ಕರದ ಕಾಲದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆ: ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಯಾವುದು ಸಿದ್ಧವಾಗಿರುತ್ತದೆ, ಮುಷ್ಕರ ಒಂದು ದಿನಕ್ಕೇ ಮುಗಿದರೂ ಎರಡು ವಾರ ಎಳೆದರೂ ಯಾವುದರ ಮೇಲೆ ಹಾಕಿದ ಹಣ ವ್ಯರ್ಥವಾಗುವುದಿಲ್ಲ, ಮತ್ತು ನಿಮ್ಮ ಮನೆಯಿಂದ ಕೆಲಸದ ಜಾಗಕ್ಕೆ ಇರುವ ದಾರಿ ಎಂಥದು. ಈ ದೃಷ್ಟಿಯಿಂದ ನೋಡಿದರೆ, ಅಂಗಡಿಯಲ್ಲಿ ಅತ್ಯುತ್ತಮವಾಗಿ ಕಾಣುವ ಆಯ್ಕೆಯು ಹಲವು ಬಾರಿ ಪಟ್ಟಿಯ ಕೆಳಗೆ ಬೀಳುತ್ತದೆ.

ಸಾರ್ವಜನಿಕ ಸೇವೆಯಲ್ಲಿರುವವರು ಮುಷ್ಕರ ಹೂಡುವ ಮೊದಲು ನೋಟಿಸ್ ನೀಡಬೇಕು ಮತ್ತು ನೋಟಿಸ್ ನೀಡಿದ 14 ದಿನಗಳೊಳಗೆ ಮುಷ್ಕರಕ್ಕೆ ಇಳಿಯುವಂತಿಲ್ಲ ಎಂದು ಕೈಗಾರಿಕಾ ಕಾನೂನು ಹೇಳುತ್ತದೆ. ಆದ್ದರಿಂದ ನೌಕರರ ಸಂಘಟನೆಗಳು ನೋಟಿಸ್ ನೀಡಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನವೇ ಸಿದ್ಧತೆ ಶುರುಮಾಡಬೇಕು. ಮಾತುಕತೆ ಫಲಿಸಿ ಮುಷ್ಕರ ನಡೆಯದೆ ಹೋದರೆ ಅದು ಎಲ್ಲರಿಗೂ ಒಳ್ಳೆಯದೇ. ನಸುಕಿನ ಪಾಳಿಯಿಂದ ನಡುರಾತ್ರಿಯ ಪಾಳಿಯವರೆಗೆ ಈ ನಗರವನ್ನು ಹೊತ್ತು ತಿರುಗುವ ಚಾಲಕ, ನಿರ್ವಾಹಕರು ಕೆಲಸ ನಿಲ್ಲಿಸುವ ಮಟ್ಟಕ್ಕೆ ಬಂದಿದ್ದಾರೆಂದರೆ ಅವರ ಮಾತನ್ನೂ ಕೇಳಿಸಿಕೊಳ್ಳಬೇಕು ಎಂದು ನಾನು ನಂಬಿದ್ದೇನೆ. ಪ್ರಯಾಣಿಕರು ತಮ್ಮ ದಾರಿಯನ್ನು ತಾವು ನೋಡಿಕೊಳ್ಳಬಲ್ಲವರಾದರೆ ಸಿಟ್ಟು ನಿರ್ವಾಹಕರ ಮೇಲೆ ತಿರುಗುವುದು ಕಡಿಮೆಯಾಗುತ್ತದೆ.

ದೂರಕ್ಕಿಂತ ಮೊದಲು ಏರನ್ನು ನೋಡಿ

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೂ ಮೇಜಿನಂತೆ ಸಮತಟ್ಟಾಗಿಲ್ಲ. ಕೆರೆಗಳ ಸರಣಿಯ ಮೇಲೆ ಬೆಳೆದ ಊರಾದ್ದರಿಂದ ಇಲ್ಲಿ ದಿಣ್ಣೆ ಮತ್ತು ತಗ್ಗು ಒಂದರ ಪಕ್ಕ ಒಂದು ಬರುತ್ತವೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದೇ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಹಾಗಾಗಿ ಮಲ್ಲೇಶ್ವರದಿಂದ ಅಲ್ಲಿಗೆ ಬರುವವರು ಬೆಳಿಗ್ಗೆ ಹೆಚ್ಚು ಕಷ್ಟವಿಲ್ಲದೆ ಇಳಿದು ಬರುತ್ತಾರೆ, ಸಂಜೆ ದಣಿದ ಕಾಲುಗಳಲ್ಲಿ ಏರನ್ನು ತುಳಿಯುತ್ತಾರೆ. ನಕ್ಷೆಯಲ್ಲಿ ಕಾಣುವ ಐದು ಕಿಲೋಮೀಟರಿನಲ್ಲಿ ಈ ಲೆಕ್ಕ ಸಿಗುವುದಿಲ್ಲ. ಬಸ್ಸಿನಲ್ಲಿ ಕುಳಿತು ಹೋಗುವಾಗ ನಾವು ಗಮನಿಸದ ಏರುಗಳು ಸೈಕಲ್ಲಿನ ಮೇಲೆ ಒಂದೊಂದಾಗಿ ಮುಂದೆ ಬಂದು ನಿಲ್ಲುತ್ತವೆ.

ನಗರದ ಸಂದಣಿಯಲ್ಲಿ, ಅಭ್ಯಾಸ ತಪ್ಪಿರುವ ಸಾಮಾನ್ಯ ಆರೋಗ್ಯದ ವ್ಯಕ್ತಿಯೊಬ್ಬರು ಗಂಟೆಗೆ 10ರಿಂದ 12 ಕಿಲೋಮೀಟರ್ ಸಾಗಬಲ್ಲರು ಎಂದು ಇಟ್ಟುಕೊಳ್ಳಬಹುದು. ಮೂರು ಕಿಲೋಮೀಟರಿನೊಳಗಿನ ದಾರಿಗೆ, ಸೈಕಲ್ ಸಿದ್ಧವಿಲ್ಲದಿದ್ದರೆ, ನಡೆದು ಹೋಗುವುದೇ ಸರಿಯಾದ ನಿರ್ಧಾರ. ಮುಕ್ಕಾಲು ಗಂಟೆಯ ನಡಿಗೆಗಾಗಿ ಯಾವ ಖರ್ಚೂ ಬೇಡ. ಮೂರರಿಂದ ಎಂಟು ಕಿಲೋಮೀಟರಿಗೆ ಯಾವ ಸೈಕಲ್ಲಾದರೂ ಸಾಕು. ಎಂಟು ದಾಟಿದ ಮೇಲೆ ಗೇರ್ ಅಥವಾ ಮೋಟರಿನ ನೆರವು ನಿಜವಾಗಿ ಬೇಕೆನಿಸುತ್ತದೆ. ಹದಿನಾಲ್ಕು ಹದಿನೈದು ಕಿಲೋಮೀಟರ್ ಮೀರಿದ್ದರೆ, ಅಂದರೆ ಯಲಹಂಕದಿಂದಲೋ ಕೆಂಗೇರಿಯಿಂದಲೋ ನಗರದ ನಡುಭಾಗಕ್ಕೆ ಬರುವವರಾಗಿದ್ದರೆ, ಇಡೀ ದೂರವನ್ನು ಮೊದಲ ದಿನವೇ ತುಳಿದು ತೀರಿಸುವ ಹಟ ಬೇಡ. ಎರಡನೇ ದಿನ ಮೊಣಕಾಲು ಏಳಗೊಡುವುದಿಲ್ಲ.

ಮನೆಯಲ್ಲಿರುವ ಹಳೆಯ ಸೈಕಲ್

ಬಾಲ್ಕನಿಯಲ್ಲೋ ಮೆಟ್ಟಿಲ ಕೆಳಗೋ ಧೂಳು ಹಿಡಿದು ನಿಂತಿರುವ ಸೈಕಲ್ ಇರುವ ಮನೆಗಳು ಬೆಂಗಳೂರಿನಲ್ಲಿ ಬಹಳ. ಮಕ್ಕಳು ಹೈಸ್ಕೂಲಿನಲ್ಲಿ ಓಡಿಸಿ ಬಿಟ್ಟದ್ದು, ಸರ್ಕಾರ ಎಂಟನೇ ತರಗತಿಯಲ್ಲಿ ಕೊಟ್ಟದ್ದು, ಲಾಕ್‌ಡೌನ್ ಕಾಲದಲ್ಲಿ ಉತ್ಸಾಹದಿಂದ ಕೊಂಡದ್ದು. ಎಂಟು ಕಿಲೋಮೀಟರಿನೊಳಗೆ ಕೆಲಸದ ಜಾಗ ಇರುವವರಿಗೆ ಉಳಿದೆಲ್ಲ ಆಯ್ಕೆಗಳಿಗಿಂತ ಇದೇ ಮೇಲು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಎರಡು ಟ್ಯೂಬು, ಬ್ರೇಕ್ ಶೂ, ಬ್ರೇಕ್ ಮತ್ತು ಗೇರ್ ಕೇಬಲ್ಲು, ಚೈನಿಗೆ ಎಣ್ಣೆ, ಬೇಕಿದ್ದರೆ ಟೈರು, ಇಷ್ಟನ್ನು ಸೇರಿಸಿ ಪೂರ್ತಿ ಓವರ್‌ಹಾಲಿಂಗ್ ಮಾಡಿಸಿದರೂ ಸಾಧಾರಣ ಸೈಕಲ್ಲಿಗೆ ಸಾಮಾನ್ಯವಾಗಿ ಎರಡು ಸಾವಿರ ರೂಪಾಯಿಯೊಳಗೆ ಮುಗಿಯುತ್ತದೆ.

ಇದನ್ನು ಆಟೊ ಖರ್ಚಿನೊಂದಿಗೆ ಹೋಲಿಸಿ ನೋಡಿ. 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ದರದ ಪ್ರಕಾರ ಬೆಂಗಳೂರಿನಲ್ಲಿ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲಿನ ಪ್ರತಿ ಕಿಲೋಮೀಟರಿಗೆ 18 ರೂಪಾಯಿ. ಎಂಟು ಕಿಲೋಮೀಟರಿಗೆ ಒಂದು ಬದಿಗೆ 144, ಹೋಗಿಬರಲು 288 ರೂಪಾಯಿ ಆಗುತ್ತದೆ. ಅದೂ ಮೀಟರಿನ ಪ್ರಕಾರ ಬಂದರೆ. ಒಂದು ವಾರದ ಕೆಲಸದ ದಿನಗಳಲ್ಲಿಯೇ ದುರಸ್ತಿಯ ಹಣ ಬಹುಪಾಲು ಹಿಂದಕ್ಕೆ ಬಂದಿರುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಉಚಿತವಾಗಿ ಪ್ರಯಾಣಿಸುತ್ತಿರುವ ಮಹಿಳೆಯರಿಗೆ ಈ ಲೆಕ್ಕ ಇನ್ನೂ ತೀಕ್ಷ್ಣವಾದದ್ದು, ಏಕೆಂದರೆ ಅವರ ಪಾಲಿಗೆ ಸೊನ್ನೆಯಿದ್ದ ಖರ್ಚು ಒಂದೇ ದಿನದಲ್ಲಿ ಕೂಲಿಯ ದೊಡ್ಡ ಭಾಗವನ್ನು ನುಂಗುವಂತಾಗುತ್ತದೆ. ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗಳಿಗೆ ಮೂರು ನಾಲ್ಕು ಕಿಲೋಮೀಟರ್ ದೂರದಿಂದ ಬರುವವರಿಗೆ ಅಡ್ಡ ಕಂಬಿಯಿಲ್ಲದ ಲೇಡೀಸ್ ಸೈಕಲ್, ಚೈನ್ ಕವರ್ ಮತ್ತು ಮುಂದೊಂದು ಬುಟ್ಟಿ ಇದ್ದರೆ ಅದಕ್ಕಿಂತ ಹೊಂದುವ ವಾಹನ ಬೇರೆ ಇಲ್ಲ. ಚೈನ್ ಕವರ್ ಇಲ್ಲದ ಆಧುನಿಕ ಸೈಕಲ್ಲುಗಳಲ್ಲಿ ಸೀರೆಯ ಅಂಚು, ಚೂಡಿದಾರದ ಕಾಲು ಚೈನಿಗೆ ಸಿಕ್ಕುವ ಅಪಾಯವಿದೆ. ವೇಲನ್ನು ಹಿಂದಿನ ಚಕ್ರದ ಬಳಿ ಇಳಿಬಿಡದೆ ಕಟ್ಟಿಕೊಳ್ಳಬೇಕು.

ಹಳೆಯ ಸೈಕಲ್ಲಿನ ನಿಜವಾದ ತೊಂದರೆ ಗೇರ್ ಇಲ್ಲದಿರುವುದಲ್ಲ, ನಂಬಲಾಗದ ಬ್ರೇಕು ಮತ್ತು ಒಣಗಿ ಬಿರುಕು ಬಿಟ್ಟ ಟೈರು. ಬಹಳ ಕಾಲ ನಿಂತ ಟೈರಿನ ಪಕ್ಕದ ಭಾಗವನ್ನು ಬೆರಳಿನಿಂದ ಒತ್ತಿ ನೋಡಿ. ಬಿರುಕು ಬಾಯಿ ತೆರೆದರೆ ಗಾಳಿ ನಿಂತರೂ ಆ ಟೈರನ್ನು ನಂಬಬಾರದು. ಮಕ್ಕಳ ಸೈಕಲ್ಲನ್ನು ದೊಡ್ಡವರು ಬಳಸುವಾಗ ಸೀಟಿನ ಎತ್ತರವನ್ನು ಸರಿಪಡಿಸಿಕೊಳ್ಳಲೇಬೇಕು. ಪೆಡಲ್ ಕೆಳಗಿರುವಾಗ ಕಾಲು ಬಹುತೇಕ ನೇರವಾಗಿ, ಮೊಣಕಾಲು ತುಸುವೇ ಬಾಗಿರಬೇಕು. ತಗ್ಗಿದ ಸೀಟಿನಲ್ಲಿ ನಾಲ್ಕು ದಿನ ತುಳಿದರೆ ಬರುವ ಮೊಣಕಾಲು ನೋವನ್ನು ಜನ ಸೈಕಲ್ಲಿನ ಮೇಲೆ ಹೊರಿಸುತ್ತಾರೆ. ಗೇರ್ ಇಲ್ಲದೆ ಏರು ಹತ್ತಲಾಗದಿದ್ದಾಗ ಇಳಿದು ತಳ್ಳಿಕೊಂಡು ಹೋದರೆ ತಪ್ಪಿಲ್ಲ. ಇನ್ನೂರು ಮೀಟರ್ ತಳ್ಳುವುದರಿಂದ ತಡವಾಗುವುದು ಎರಡು ಮೂರು ನಿಮಿಷ ಮಾತ್ರ.

ಮುಷ್ಕರದ ಮುನ್ನಾದಿನ ಬಡಾವಣೆಯ ಸೈಕಲ್ ಅಂಗಡಿಯವರ ಮುಂದೆ ಇದೇ ಕೆಲಸಕ್ಕಾಗಿ ಬಂದವರು ಸಾಲುಗಟ್ಟಿರುತ್ತಾರೆ. ಆದ್ದರಿಂದಲೇ ನೋಟಿಸಿನ ಸುದ್ದಿ ಬಂದ ದಿನ ಹೋಗಬೇಕು.

ಹೊಸದನ್ನು ಕೊಳ್ಳುವುದಾದರೆ

ಮುಷ್ಕರಕ್ಕಾಗಿಯೇ ಹೊಸ ಸೈಕಲ್ ಕೊಳ್ಳುವುದು ಬಾಯಾರಿದಾಗ ಬಾವಿ ತೋಡಿದಂತೆ. ಆಗಸ್ಟ್ 5ರ ಮುಷ್ಕರಕ್ಕಾಗಿ ಕೊಂಡವರಿಗೆ ಅದು ಒಂದು ದಿನಕ್ಕೂ ಪೂರ್ತಿ ಒದಗಿರಲಾರದು. ಮುಷ್ಕರ ಮುಗಿದ ಮೇಲೂ ವಾರಕ್ಕೆರಡು ದಿನವಾದರೂ ಓಡಿಸುವ ಮನಸ್ಸಿದ್ದರೆ ಮಾತ್ರ ಕೊಳ್ಳಿ. ಹಾಗೆ ಕೊಳ್ಳುವವರಿಗೆ ಒಂದು ಅನುಕೂಲವಿದೆ: 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ.

ಗೇರ್ ಇಲ್ಲದ ಸಾದಾ ಸೈಕಲ್, ದಪ್ಪ ಟೈರಿನ ಎಂಟಿಬಿ (ಮೌಂಟನ್ ಬೈಕ್), ಮತ್ತು ಎರಡರ ನಡುವಿನ ಹೈಬ್ರಿಡ್ ಎಂಬ ಮೂರರಲ್ಲಿ ಬೆಂಗಳೂರಿನ ಕಚೇರಿ ದಾರಿಗೆ ನಾನು ಹೇಳುವುದು ಹೈಬ್ರಿಡ್. ಎಂಟಿಬಿಯ ಮುಂದಿನ ಸಸ್ಪೆನ್ಷನ್ ಗುಂಡಿ ಬಿದ್ದ ರಸ್ತೆಗೆ ಒಳ್ಳೆಯದೆಂದು ಅಂಗಡಿಯವರು ಹೇಳುವುದರಲ್ಲಿ ಸ್ವಲ್ಪ ನಿಜವಿದೆ, ಆದರೆ ಕಡಿಮೆ ಬೆಲೆಯ ಸೈಕಲ್ಲುಗಳಲ್ಲಿ ಆ ಸಸ್ಪೆನ್ಷನ್ ತೂಕವನ್ನು ಹೆಚ್ಚಿಸಿ, ಏರಿನಲ್ಲಿ ನೀವು ತುಳಿದ ಶಕ್ತಿಯ ಒಂದಂಶವನ್ನು ತಾನು ಹೀರಿಕೊಳ್ಳುತ್ತದೆ. ಹೆಚ್ಚು ಒತ್ತಡದಲ್ಲಿ ಗಾಳಿ ತುಂಬಬಹುದಾದ, 35ರಿಂದ 40 ಮಿಲಿಮೀಟರ್ ಅಗಲದ ಟೈರುಳ್ಳ ಹೈಬ್ರಿಡ್ ಡಾಂಬರಿನ ಮೇಲೆ ಹಗುರವಾಗಿ ಓಡುತ್ತದೆ, ಸಣ್ಣಪುಟ್ಟ ಗುಂಡಿಗಳನ್ನೂ ಸಹಿಸುತ್ತದೆ. ಇಪ್ಪತ್ತೊಂದು ಗೇರ್ ಇದೆಯೆಂಬುದು ದೊಡ್ಡ ಸಂಗತಿಯಲ್ಲ. ಅತಿ ಹಗುರವಾದ ಒಂದು ಗೇರ್ ಏರಿಗೆ ಸಿಗುತ್ತದೆಯೇ ಎಂಬುದನ್ನಷ್ಟೇ ನೋಡಿ. ಅಂಗಡಿಯ ಬಿಲ್ಲಿನಲ್ಲಿ ಸಾಮಾನ್ಯವಾಗಿ ಸೇರಿರದ ಮಡ್‌ಗಾರ್ಡ್, ಬೆಲ್ಲು, ಮುಂದಿನ ಬಿಳಿ ದೀಪ, ಹಿಂದಿನ ಕೆಂಪು ದೀಪ, ಹೆಲ್ಮೆಟ್ ಮತ್ತು ಗಟ್ಟಿ ಬೀಗಗಳಿಗೆ ಪ್ರತ್ಯೇಕವಾಗಿ ಹಣ ತೆಗೆದಿಡಬೇಕು. ಏಪ್ರಿಲ್ಲಿನ ಸಂಜೆಯ ಗುಡುಗು ಮಳೆಯಾಗಲಿ ಆಗಸ್ಟಿನ ಜಿನುಗಾಗಲಿ, ಮಡ್‌ಗಾರ್ಡ್ ಇಲ್ಲದ ಸೈಕಲ್ಲು ರಸ್ತೆಯ ಕೆಸರನ್ನು ನೇರವಾಗಿ ಬೆನ್ನಿಗೆ ಎರಚುತ್ತದೆ.

ವಿದ್ಯುತ್ ಸೈಕಲ್ ಮತ್ತು ಬಾಡಿಗೆಯ ಯುಲು

ಎಂಟರಿಂದ ಹದಿನಾಲ್ಕು ಕಿಲೋಮೀಟರ್ ದೂರವಿದ್ದು, ದಾರಿಯಲ್ಲಿ ಏರುಗಳಿದ್ದು, ಕಚೇರಿಯಲ್ಲಿ ಬೆವರಿನ ಬಟ್ಟೆ ಬದಲಿಸಲು ಅನುಕೂಲವಿಲ್ಲದವರಿಗೆ ವಿದ್ಯುತ್ ಸೈಕಲ್ ಒಳ್ಳೆಯದು. ಐವತ್ತು ದಾಟಿದವರಿಗೂ, ಬಹಳ ವರ್ಷ ಸೈಕಲ್ ತುಳಿಯದವರಿಗೂ ಇದನ್ನೇ ಹೇಳುತ್ತೇನೆ. ಮೋಟರಿನ ಸಾಮರ್ಥ್ಯ 250 ವಾಟ್ ಮೀರದೆ, ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರಿಗೆ ಮಿತಿಗೊಂಡಿದ್ದರೆ ಅದಕ್ಕೆ ನೋಂದಣಿಯಾಗಲಿ ಚಾಲನಾ ಪರವಾನಗಿಯಾಗಲಿ ಬೇಕಿಲ್ಲ. ಇದಕ್ಕಿಂತ ಹೆಚ್ಚು ಶಕ್ತಿಯ ಮೋಟರನ್ನು ಅಳವಡಿಸಿ, ಲೈಸೆನ್ಸ್ ಬೇಡವೆಂದು ಹೇಳಿ ಮಾರುವ ಕಡೆ ಕೊಳ್ಳಬಾರದು. ಅಪಘಾತವಾದ ದಿನ ಅದರ ಹೊಣೆಯೆಲ್ಲ ಸವಾರರ ಮೇಲೆ ಬರುತ್ತದೆ.

ಇದರ ತೂಕ ಇಪ್ಪತ್ತು ಕಿಲೋಗ್ರಾಮಿಗೂ ಹೆಚ್ಚಿರುವುದು ಸಾಮಾನ್ಯ. ಲಿಫ್ಟ್ ಇಲ್ಲದ ಮೂರನೇ ಮಹಡಿಯ ಮನೆಯವರು ಬೆಲೆಗಿಂತ ಮೊದಲು ಬ್ಯಾಟರಿಯನ್ನು ಬಿಚ್ಚಿ ಮೇಲಕ್ಕೆ ಒಯ್ಯಬಹುದೇ ಎಂದು ವಿಚಾರಿಸಬೇಕು. ಪೆಡಲ್ ತುಳಿಯದೆ ಬರಿಯ ಥ್ರಾಟಲ್‌ನಲ್ಲಿ ಓಡಿಸಿದರೆ ಬ್ಯಾಟರಿ ಬಹಳ ಬೇಗ ಇಳಿಯುತ್ತದೆ. ಜಾಹೀರಾತಿನಲ್ಲಿ ಹೇಳುವ ದೂರವು ಸಾಮಾನ್ಯವಾಗಿ ಪೆಡಲ್ ತುಳಿಯುತ್ತ ಮೋಟರಿನ ನೆರವು ಪಡೆಯುವ ರೀತಿಗೆ ಸಂಬಂಧಿಸಿದ್ದು. ಬ್ಯಾಟರಿ ಮುಗಿದ ಮೇಲೆ ಆ ತೂಕವನ್ನು ಏರಿನಲ್ಲಿ ತುಳಿಯುವುದು ಸಾದಾ ಸೈಕಲ್ಲಿಗಿಂತ ಕಷ್ಟ.

ಆ್ಯಪ್ ಮೂಲಕ ಬಾಡಿಗೆಗೆ ಸಿಗುವ ಯುಲು ಎಂಬ ಪುಟ್ಟ ವಿದ್ಯುತ್ ವಾಹನವು, ಕೊಳ್ಳುವ ಖರ್ಚನ್ನು ತಪ್ಪಿಸುತ್ತದೆ, ವೇಗ ಮಿತಿಯಲ್ಲಿರುವುದರಿಂದ ಲೈಸೆನ್ಸ್ ಇಲ್ಲದವರೂ ಬಳಸಬಹುದು. ಮೆಟ್ರೊ ನಿಲ್ದಾಣದಿಂದ ಕಚೇರಿಗೆ ಉಳಿಯುವ ಒಂದೆರಡು ಕಿಲೋಮೀಟರಿಗೆ ಅದು ಸೊಗಸಾದ ಏರ್ಪಾಡು. ಆದರೆ ಬಸ್ಸಿಲ್ಲದ ದಿನ ಎಲ್ಲರ ಕಣ್ಣೂ ಅದರ ಮೇಲೆಯೇ ಇರುತ್ತದೆ, ನಿಗದಿತ ಜಾಗದಲ್ಲಿಯೇ ಅದನ್ನು ಬಿಡಬೇಕಾಗುತ್ತದೆ, ಬಾಡಿಗೆ ನಿಮಿಷದ ಲೆಕ್ಕದಲ್ಲಿ ಏರುತ್ತದೆ. ಹೋಗುವಾಗ ಸಿಕ್ಕಿದ್ದು ಬರುವಾಗ ಸಿಗುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಇಡೀ ಪ್ರಯಾಣವನ್ನು ಅದರ ಮೇಲೆ ಹಾಕದೆ, ಅದು ಸಿಗದಿದ್ದರೆ ನಡೆದು ಮುಗಿಸಬಹುದಾದಷ್ಟು ದೂರಕ್ಕೆ ಮಾತ್ರ ನಂಬುವುದು ಒಳ್ಳೆಯದು.

ಮೆಟ್ರೊ ಮತ್ತು ಸೈಕಲ್ ಸೇರಿದಾಗ

ದೂರದವರಿಗೆ ಇರುವ ಉತ್ತರ ಇದೇ. 2021ರ ಏಪ್ರಿಲ್ಲಿನಲ್ಲಿ ನಮ್ಮ ಮೆಟ್ರೊ ಜಾಲ ಸುಮಾರು 48 ಕಿಲೋಮೀಟರ್ ಇತ್ತು. 2023ರಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಪೂರ್ಣಗೊಂಡು, 2024ರಲ್ಲಿ ಹಸಿರು ಮಾರ್ಗ ಮಾದಾವರದವರೆಗೆ ಚಾಚಿ, 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ ತೆರೆದ ಮೇಲೆ ಅದು 96 ಕಿಲೋಮೀಟರ್ ದಾಟಿದೆ. ಹಳದಿ ಮಾರ್ಗ ತೆರೆದದ್ದು ಆಗಸ್ಟಿನ ಮುಷ್ಕರ ಮುಗಿದ ಐದು ದಿನಗಳ ನಂತರ. ಮುಂದಿನ ಮುಷ್ಕರದ ದಿನ ಎಲೆಕ್ಟ್ರಾನಿಕ್ ಸಿಟಿಯವರ ಸ್ಥಿತಿ ಹಿಂದಿನಂತೆ ಇರುವುದಿಲ್ಲ. ಬಸ್ ನೌಕರರ ಮುಷ್ಕರದಲ್ಲಿ ಮೆಟ್ರೊ ಓಡುತ್ತಲೇ ಇರುತ್ತದೆ. ಆದ್ದರಿಂದ ಹಲವರ ನಿಜವಾದ ಸಮಸ್ಯೆ ಹದಿನೆಂಟು ಕಿಲೋಮೀಟರ್ ಅಲ್ಲ, ಮನೆಯಿಂದ ಮೆಟ್ರೊ ನಿಲ್ದಾಣದವರೆಗಿನ ನಾಲ್ಕು ಕಿಲೋಮೀಟರ್. ಅದಕ್ಕೆ ಹಳೆಯ ಸೈಕಲ್ಲೇ ಸಾಕು.

ಹೀಗೆ ಹೋಗುವವರ ಮುಂದೆ ಎರಡು ದಾರಿಗಳಿವೆ: ಸಾದಾ ಸೈಕಲ್ಲನ್ನು ನಿಲ್ದಾಣದ ಬಳಿ ಬೀಗ ಹಾಕಿ ಬಿಡುವುದು, ಅಥವಾ ಮಡಚುವ ಸೈಕಲ್ಲನ್ನು ರೈಲಿನೊಳಗೆ ಒಯ್ಯುವುದು. ಮಡಚುವ ಸೈಕಲ್ಲಿಗೆ 2021ರ ನವೆಂಬರಿನಿಂದ ಕೊನೆಯ ಬೋಗಿಯಲ್ಲಿ ಅವಕಾಶವಿದೆ. ಅದು ಲಗೇಜ್ ತಪಾಸಣೆಯ ಯಂತ್ರದೊಳಗೆ ತೂರುವಂತಿರಬೇಕು. ಕಾಗದದ ಮೇಲೆ ಇದು ಅತ್ಯಂತ ಜಾಣ ಆಯ್ಕೆ. ಮುಷ್ಕರದ ದಿನ ಬೆಳಿಗ್ಗೆ ಒಂಬತ್ತಕ್ಕೆ ಮೆಜೆಸ್ಟಿಕ್ಕಿನ ನೂಕುನುಗ್ಗಲಿನಲ್ಲಿ ಹನ್ನೆರಡು ಹದಿಮೂರು ಕಿಲೋಗ್ರಾಮಿನ ಮಡಚಿದ ಸೈಕಲ್ಲನ್ನು ಹಿಡಿದು ಮಾರ್ಗ ಬದಲಿಸುವುದು ಮಾತ್ರ ಬೇರೆಯೇ ಮಾತು. ನಿಮಗೂ ಕಷ್ಟ, ಪಕ್ಕದಲ್ಲಿ ನಿಂತವರಿಗೂ ಕಷ್ಟ. ಬೆಳಿಗ್ಗೆ ಏಳೂವರೆಯೊಳಗೆ ಹೊರಡಬಲ್ಲವರು, ಮಾರ್ಗ ಬದಲಿಸಬೇಕಿಲ್ಲದವರು, ಇಳಿದ ಮೇಲೂ ಎರಡು ಮೂರು ಕಿಲೋಮೀಟರ್ ಹೋಗಬೇಕಿರುವವರು ಇದನ್ನು ಆರಿಸಬಹುದು. ಉಳಿದವರಿಗೆ ಬೀಗ ಹಾಕಿ ಬಿಡುವುದೇ ಲೇಸು. ವಾಹನ ನಿಲುಗಡೆ ಎಲ್ಲ ನಿಲ್ದಾಣಗಳಲ್ಲಿಯೂ ಇಲ್ಲದ್ದರಿಂದ ನಿಮ್ಮ ನಿಲ್ದಾಣದಲ್ಲಿ ಇದೆಯೇ ಎಂದು ಹಿಂದಿನ ಸಂಜೆಯೇ ನೋಡಿ ಬನ್ನಿ. ಬೀಗವು ಚಕ್ರವನ್ನಷ್ಟೇ ಅಲ್ಲದೆ ಫ್ರೇಮನ್ನೂ ಸೇರಿಸಿ ಅಲುಗದ ಕಂಬಕ್ಕೆ ಬಿಗಿಯುವಂತಿರಲಿ.

ಬಸ್ಸಿಲ್ಲದ ದಿನದ ರಸ್ತೆ

ಸಾವಿರಾರು ಬಸ್ಸುಗಳು ಡಿಪೊಗಳಲ್ಲೇ ಉಳಿದ ದಿನ ರಸ್ತೆ ಖಾಲಿಯಿರುತ್ತದೆಂದು ಭಾವಿಸಬಾರದು. ಬಸ್ಸಿನಲ್ಲಿ ಹೋಗುತ್ತಿದ್ದವರೆಲ್ಲ ಬೈಕು, ಕಾರು, ಆಟೊಗಳಲ್ಲಿ ಹೊರಡುತ್ತಾರೆ. 2021ರಲ್ಲಿ ಆದಂತೆ ಖಾಸಗಿ ಬಸ್ಸುಗಳಿಗೆ, ಮ್ಯಾಕ್ಸಿಕ್ಯಾಬ್‌ಗಳಿಗೆ ಅನುಮತಿ ಸಿಕ್ಕಾಗ, ಅವು ನಿಗದಿತ ನಿಲ್ದಾಣಗಳ ಅಭ್ಯಾಸವಿಲ್ಲದೆ, ಕೈಯೆತ್ತಿದ ಕಡೆಯೆಲ್ಲ ಎಡಕ್ಕೆ ತಿರುಗಿ ನಿಲ್ಲುತ್ತವೆ. ಎಡಬದಿಯಲ್ಲಿ ಸಾಗುವ ಸೈಕಲ್ ಸವಾರರಿಗೆ ಆ ದಿನದ ದೊಡ್ಡ ಅಪಾಯ ಇದೇ. ಜನ ಗುಂಪಾಗಿ ನಿಂತಿರುವ ಬಸ್ ನಿಲ್ದಾಣ ಕಂಡ ಕೂಡಲೇ ವೇಗ ತಗ್ಗಿಸಿ, ಹಿಂದೆ ತಿರುಗಿ ನೋಡಿ, ನಿಂತ ವಾಹನದ ಎಡಕ್ಕೆ ಎಂದೂ ನುಸುಳಬೇಡಿ.

ಮೇಲ್ಸೇತುವೆ, ಅಂಡರ್‌ಪಾಸುಗಳನ್ನು ತಪ್ಪಿಸಿ ಬಡಾವಣೆಗಳ ಒಳರಸ್ತೆಗಳಲ್ಲಿ ಹೋದರೆ ಒಂದು ಕಿಲೋಮೀಟರ್ ಹೆಚ್ಚಾದರೂ ನೆಮ್ಮದಿಯಿರುತ್ತದೆ. ಜಯನಗರ, ಬಸವನಗುಡಿ, ಚಾಮರಾಜಪೇಟೆ, ರಾಜಾಜಿನಗರ, ಮಲ್ಲೇಶ್ವರದಂಥ ಹಳೆಯ ಬಡಾವಣೆಗಳ ಮೇನು ಮತ್ತು ಕ್ರಾಸುಗಳ ಚೌಕಟ್ಟು ಇದಕ್ಕೆಂದೇ ಹಾಸಿಟ್ಟಂತಿದೆ. ಹೊರವರ್ತುಲ ರಸ್ತೆಯ ಸುತ್ತ ಬೆಳೆದ ಬಡಾವಣೆಗಳಲ್ಲಿ ಈ ಸೌಲಭ್ಯವಿಲ್ಲ. ಒಳರಸ್ತೆಗಳು ಗೋಡೆಗೋ ರಾಜಕಾಲುವೆಗೋ ಬಂದು ಮುಗಿಯುತ್ತವೆ. 2020ರಲ್ಲಿ ಆ ರಸ್ತೆಯ ಅಂಚಿನಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯ ಗುರುತಿಸಿದ್ದ ತಾತ್ಕಾಲಿಕ ಸೈಕಲ್ ಪಥ ಉಳಿಯಲಿಲ್ಲವೆಂಬುದು ನನಗೆ ಇಂದಿಗೂ ನೋವಿನ ಸಂಗತಿ, ಏಕೆಂದರೆ ಬಸ್ಸಿಲ್ಲದ ದಿನ ಅದರ ಬೆಲೆ ಯಾರಿಗಾದರೂ ತಿಳಿಯುತ್ತಿತ್ತು. ಅಲ್ಲಿ ಕೆಲಸ ಮಾಡುವವರು ಮುಷ್ಕರಕ್ಕೆ ಮೊದಲಿನ ಭಾನುವಾರ ಬೆಳಿಗ್ಗೆ ತಮ್ಮ ದಾರಿಯನ್ನು ಒಮ್ಮೆ ಸೈಕಲ್ಲಿನಲ್ಲಿಯೇ ಹೋಗಿ ನೋಡುವುದು ಅಗತ್ಯ. ಇನ್ನು ಏಕಮುಖ ಸಂಚಾರ: ಸಂಪಿಗೆ ರಸ್ತೆ ಮತ್ತು ಮಾರ್ಗೋಸಾ ರಸ್ತೆಯಂತಹ ಜೋಡಿ ರಸ್ತೆಗಳಲ್ಲಿ ಸೈಕಲ್ಲಿಗೆ ನಿಯಮ ಅನ್ವಯಿಸದು ಎಂದುಕೊಂಡು ಎದುರು ದಿಕ್ಕಿನಲ್ಲಿ ಬರುವವರಿದ್ದಾರೆ. ಅವಸರದ ಬೈಕುಗಳು ದುಪ್ಪಟ್ಟಾದ ದಿನ ಅದು ಪ್ರಾಣಕ್ಕೆ ಎರವಾಗಬಹುದು. ಮಳೆ ಬಂದರೆ ಚಕ್ರದ ಅಂಚನ್ನು ಒತ್ತಿ ಹಿಡಿಯುವ ರಿಮ್ ಬ್ರೇಕಿನ ಹಿಡಿತ ಸಡಿಲಾಗುವುದರಿಂದ ಬಹಳ ಮೊದಲೇ ಬ್ರೇಕ್ ಹಿಡಿಯಬೇಕು. ನೀರು ನಿಂತಿರುವ ಕಡೆ ಗುಂಡಿ ಕಾಣದು, ಅಲ್ಲಿ ಇಳಿದು ತಳ್ಳುವುದೇ ಕ್ಷೇಮ.

ಸೈಕಲ್ ಹೊಂದದವರು

ಗರ್ಭಿಣಿಯರು, ಹೃದಯದ ತೊಂದರೆ ಇರುವವರು, ಮೆಟ್ರೊದಿಂದ ಬಹಳ ದೂರವಿರುವವರು, ಸೈಕಲ್ಲನ್ನೇ ಕಲಿಯದವರು ಈ ಹೋಲಿಕೆಯ ಹೊರಗೆ ಉಳಿಯುತ್ತಾರೆ. ಅವರು ನೋಟಿಸಿನ ಸುದ್ದಿ ಬಂದಾಗಲೇ ಕಚೇರಿಯೊಂದಿಗೆ ಮಾತನಾಡಿ, ಮನೆಯಿಂದ ಕೆಲಸ ಮಾಡುವುದನ್ನೋ ಪಾಳಿ ಬದಲಾಯಿಸುವುದನ್ನೋ ಬರವಣಿಗೆಯಲ್ಲಿ ಕೇಳಿಕೊಳ್ಳಬೇಕು. ಒಂದೇ ಬೀದಿಯ ಮೂವರು ಸೇರಿ ಆಟೊ ಗೊತ್ತುಮಾಡಿಕೊಂಡರೆ ಖರ್ಚು ಮೂರನೇ ಒಂದಕ್ಕೆ ಇಳಿಯುತ್ತದೆ. ವೈಟ್‌ಫೀಲ್ಡ್, ಕೆ.ಆರ್. ಪುರ, ಯಶವಂತಪುರದ ಕಡೆಯವರು ರೈಲ್ವೆಯ ಮೆಮು ಗಾಡಿಗಳ ಸಮಯವನ್ನೂ ನೋಡಿಟ್ಟುಕೊಳ್ಳಬಹುದು. ರಾತ್ರಿ ಪಾಳಿಯ ಮಹಿಳೆಯರಿಗೆ ವಾಹನದ ವ್ಯವಸ್ಥೆ ಮಾಡುವುದು ನಿಯಮದ ಪ್ರಕಾರ ಸಂಸ್ಥೆಯ ಹೊಣೆ. ಬಸ್ಸಿಲ್ಲ ಎಂಬ ಕಾರಣ ಕೊಟ್ಟು, ಸೈಕಲ್ ಇದೆಯಲ್ಲ ಎಂದು ಹೇಳಿ ಆ ಹೊಣೆಯನ್ನು ಕೆಲಸಗಾರ್ತಿಯರ ಮೇಲೆ ಹೊರಿಸಲು ಯಾವ ಸಂಸ್ಥೆಗೂ ಅವಕಾಶ ಕೊಡಬಾರದು. ಹಾಗೆ ಹೇಳಿದವರಿಂದ ಆ ಮಾತನ್ನು ಲಿಖಿತವಾಗಿ ಕೇಳಿ ಪಡೆದು, ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು.